ಗೋಡೆಯಾಚೆ ಕಾವಿಗೆ ಕೂತ ಕೋಳಿ

ರೊದ್ದಂ ಪಕ್ಕದ ಒಂದು ಹಳ್ಳಿಯಲ್ಲಿ ಲಕ್ಷ್ಮಕ್ಕನ ಹಿತ್ತಲಿಗೂ ನಿರ್ಮಲಮ್ಮನ ಹಿತ್ತಲಿಗೂ ನಡುವೆ ಎದೆಯೆತ್ತರದ ಕಲ್ಲುಗೋಡೆ. ಗೋಡೆ ಇರುವುದು ಮನುಷ್ಯರಿಗೆ. ಕೋಳಿಗೆ ಅದರ ಗೊಡವೆಯಿಲ್ಲ. ಲಕ್ಷ್ಮಕ್ಕನ ಬೂದಿ ಬಣ್ಣದ ಹೇಂಟೆ, ಹೆಸರೂ ಬೂದಿಯೇ, ತನ್ನ ಮನೆಯ ಬುಟ್ಟಿಯನ್ನು ಬಿಟ್ಟು ಗೋಡೆ ಹಾರಿ ನಿರ್ಮಲಮ್ಮನ ಕೊಟ್ಟಿಗೆಯಲ್ಲಿದ್ದ ಹುಣಸೆಹಣ್ಣು ತುಂಬುವ ಹಳೇ ಬಿದಿರುಮಂಕರಿಯಲ್ಲಿ ಮೊಟ್ಟೆಯಿಟ್ಟು ಕಾವಿಗೆ ಕೂತುಬಿಟ್ಟಿತು.

ನಿರ್ಮಲಮ್ಮನದು ಶಿವಪೂಜೆಯ ಮನೆ. ಮೊಟ್ಟೆಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವಾಕೆ. ಗಂಡ ತೋಟಪ್ಪ ಹುಣಸೆಮರಗಳನ್ನು ಗುತ್ತಿಗೆ ಹಿಡಿದು ಹಣ್ಣನ್ನು ಹಿಂದೂಪುರದ ಮಾರ್ಕೆಟ್ಟಿಗೆ ಕಳಿಸುತ್ತಾನೆ. ಸುಗ್ಗಿಯಲ್ಲಿ ಲಕ್ಷ್ಮಕ್ಕ ಅದೇ ಕೊಟ್ಟಿಗೆಯಲ್ಲಿ ಕೂತು ಹಣ್ಣು ಬಡಿದು ಬೀಜ ಬಿಡಿಸುತ್ತಾಳೆ. ಇಬ್ಬರೂ ದಿನವಿಡೀ ಮಾತಾಡುತ್ತಾರೆ, ಒಬ್ಬರ ಕಷ್ಟಕ್ಕೆ ಒಬ್ಬರು ಕಣ್ಣೀರೂ ಹಾಕುತ್ತಾರೆ. ಆದರೆ ಮಜ್ಜಿಗೆಯಾಗಲಿ ಉಪ್ಪಿನಕಾಯಿಯಾಗಲಿ ಕೈಯಿಂದ ಕೈಗೆ ಹೋದದ್ದಿಲ್ಲ. ನಿರ್ಮಲಮ್ಮ ಗೋಡೆಯ ಮೇಲಿಟ್ಟು ಹಿಂದೆ ಸರಿದ ಮೇಲೆ ಲಕ್ಷ್ಮಕ್ಕ ಬಂದು ತೆಗೆದುಕೊಳ್ಳಬೇಕು. ಲಕ್ಷ್ಮಕ್ಕ ಈ ಊರಿಗೆ ಸೊಸೆಯಾಗಿ ಬಂದ ದಿನದಿಂದ ಹಾಗೇ ನಡೆದಿದೆ. ಹಾಗೇಕೆಂದು ಅವಳು ಕೇಳಲಿಲ್ಲ, ನಿರ್ಮಲಮ್ಮ ಹೇಳಲಿಲ್ಲ.

ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಿದರೆ ಪಾಪ ಎಂಬುದು ಮಾತ್ರ ಇಬ್ಬರ ಮನೆಯಲ್ಲೂ ಒಂದೇ. "ಇರ್ಲಿ ಬಿಡೇ, ನಮ್ ಶಿವನಿಗೇನು ಕಣ್ಣಿಲ್ವಾ," ಎಂದು ನಿರ್ಮಲಮ್ಮ ದೂರದಿಂದಲೇ ರಾಗಿಕಾಳು ಎರಚತೊಡಗಿದಳು. ಎರಚಿ ಕೈ ತೊಳೆಯುತ್ತಿದ್ದಳು, ಅದು ಬೇರೆ ಮಾತು.

ಬೂದಿ ಎಲ್ಲ ಕೋಳಿಗಳಂಥ ಕೋಳಿಯಲ್ಲ. ಲಕ್ಷ್ಮಕ್ಕನ ತವರು ಕಲ್ಯಾಣದುರ್ಗದ ಕಡೆ. ಚೊಚ್ಚಲು ಮಗು ಎತ್ತಿಕೊಂಡು ಗಂಡನ ಮನೆಗೆ ಹೊರಟಾಗ ಅವಳ ಅವ್ವ ಮಡಿಲಿಗೆ ಅಕ್ಕಿ ಬೆಲ್ಲ ಹಾಕಿ, ಕಂಕುಳಿಗೆ ಒಂದು ಬೂದಿ ಹೇಂಟೆ ಕೊಟ್ಟಿದ್ದಳು. ಆ ಹೇಂಟೆಯ ಮರಿ, ಮರಿಯ ಮರಿ, ಹೀಗೆ ಬಂದ ಸಂತಾನ ಇದು. ಹೋದ ಬೇಸಿಗೆಯಲ್ಲಿ ಕೋಳಿಗಳಿಗೆ ಕೊಕ್ಕರೆ ರೋಗ ಬಂದು ಹಿತ್ತಲಿಗೆ ಹಿತ್ತಲೇ ಬರಿದಾದಾಗ ಉಳಿದದ್ದು ಇದೊಂದೇ. ಅದೇ ತಿಂಗಳು ಮಗಳು ತನುಜಾ ಬಾಣಂತನ ಮುಗಿಸಿ ಹೊರಟಳು. ಅವಳನ್ನು ಕೊಟ್ಟಿದ್ದು ಲಕ್ಷ್ಮಕ್ಕನ ಅಣ್ಣನ ಮಗನಿಗೇ, ಕಲ್ಯಾಣದುರ್ಗದ ಅದೇ ಮನೆಗೆ. ಒಂದು ಮರಿಯನ್ನೂ ಕೊಡಲಾಗದೆ ಬರಿಗೈಲಿ ಕಳಿಸಿದೆನಲ್ಲ ಎಂಬ ಸಂಕಟ ಲಕ್ಷ್ಮಕ್ಕನನ್ನು ಅಂದಿನಿಂದ ಬಿಟ್ಟಿರಲಿಲ್ಲ. ಈ ಸಲದ ಮರಿಗಳು ತನುಜಾಗೆ ಎಂದು ಅವಳು ಎಣಿಸಿಟ್ಟಿದ್ದಳು.

ಅಷ್ಟರಲ್ಲಿ ಕಣ್ಣಿಗೆ ಬಿತ್ತು ಬೂದಿಯ ಕಾಲು. ಮೇವಿಗೆಂದು ಎದ್ದಾಗ ನೋಡಿದರೆ ಕಾಲಿನ ಹುರುಪೆಗಳೆಲ್ಲ ಮೇಲೆದ್ದು, ಸಂದಿನಲ್ಲಿ ಬಿಳಿ ಹಿಟ್ಟು ಮೆತ್ತಿದಂತೆ ಗಟ್ಟಿಯಾಗಿ, ಬೆರಳೂರಲು ನೋಯುತ್ತಿತ್ತು. ಲಕ್ಷ್ಮಕ್ಕ ರೊದ್ದಂನ ಪಶು ಆಸ್ಪತ್ರೆಗೆ ಹೋಗಿ ಕೇಳಿಕೊಂಡು ಬಂದಳು. ಕಣ್ಣಿಗೆ ಕಾಣದ ಹುಳ, ಹುರುಪೆಯ ಕೆಳಗೆ ಕೂತು ತಿನ್ನುತ್ತೆ. ಬಿಸಿನೀರಲ್ಲಿ ನೆನೆಸಿ, ಕೀಳದೆ ಮೆಲ್ಲಗೆ ಉಜ್ಜಿ, ಒರೆಸಿ, ಎಣ್ಣೆ ಹಚ್ಚಬೇಕು. ವಾರ ವಾರ ಮಾಡಬೇಕು. ತಾಯಿಯಿಂದ ಮರಿಗಳಿಗೂ ಹತ್ತುತ್ತೆ ಎಂದು ಅಲ್ಲಿಯವರು ಹೇಳಿದರು.

ಗಂಡ ಬೈರಣ್ಣನ ಮದ್ದು ಇನ್ನೂ ಸುಲಭದ್ದು. "ಅದ್ಕೇನ್ ಅಷ್ಟೊಂದು ಉಪಚಾರ? ಕೊಯ್ದು ಸಾರು ಮಾಡೇ. ಕಾಲು ಯಾರು ತಿಂತಾರೆ?"

"ನಿನ್ ನಾಲಿಗೆಗಿಷ್ಟು ಬೆಂಕಿ ಹಾಕ! ನಮ್ಮವ್ವ ಕೊಟ್ಟ ಕೋಳಿ ಕಣಯ್ಯ ಅದು," ಎಂದು ಲಕ್ಷ್ಮಕ್ಕ ಸಿಡುಕಿದಳು. ಅವನು ನಗುತ್ತಾ ಹಿಂದೂಪುರದ ಬಸ್ಸು ಹತ್ತಿದ. ಅಲ್ಲಿ ಮಂಡಿಯಲ್ಲಿ ಮೂಟೆ ಹೊರುವ ಕೆಲಸ ಅವನದು.

ತೊಡಕೆಂದರೆ, ಬಚ್ಚಲಲ್ಲಿ ಜಾರಿಬಿದ್ದು ಲಕ್ಷ್ಮಕ್ಕನ ಬಲಗೈ ಪಟ್ಟಿಯಲ್ಲಿತ್ತು. ಕೋಳಿಯ ಕಾಲು ಉಜ್ಜಲು ಹಿಡಿಯುವವರೊಬ್ಬರು, ಉಜ್ಜುವವರೊಬ್ಬರು ಬೇಕು. ಮರಿ ಹೊರಬೀಳಲಿ, ಆಮೇಲೆ ಬೈರಣ್ಣನನ್ನೇ ಕೂರಿಸಿಕೊಂಡು ಮಾಡಿದರಾಯಿತು ಎಂದುಕೊಂಡಳು. "ಹೊಂಗೆ ಎಣ್ಣೆ ಹಚ್ಬೇಕಂತೆ ಕಣಮ್ಮಾರೆ," ಎಂದು ಗೋಡೆಯ ಮೇಲಿಂದ ನಿರ್ಮಲಮ್ಮನಿಗೂ ಹೇಳಿದಳು. ಹೇಳಬಾರದಿತ್ತು.

ಮಾರನೇ ಬೆಳಿಗ್ಗೆ ಲಕ್ಷ್ಮಕ್ಕ ಕೊಟ್ಟಿಗೆಗೆ ಹೋಗಿ ಮಂಕರಿಗೆ ಬಾಗಿದಳು. ಮಂಕರಿಯ ತುಂಬ ಹೊಂಗೆ ಎಣ್ಣೆಯ ಘಾಟು. ಹುಲ್ಲು ಜಿಗಿಜಿಗಿ, ಬೂದಿಯ ಹೊಟ್ಟೆ ಜಿಗಿಜಿಗಿ, ಮೊಟ್ಟೆಗಳು ಮಿರಿಮಿರಿ ಮಿಂಚುತ್ತಿದ್ದವು. ಪಕ್ಕದಲ್ಲೇ ಉದ್ದ ಹಿಡಿಯ ಸೌಟು ಬಿದ್ದಿತ್ತು.

"ನಾನೇ ಕಣೆ," ನಿರ್ಮಲಮ್ಮ ಹೆಮ್ಮೆಯಿಂದಲೇ ಬಂದಳು. "ನಿನ್ ಕೈ ನೋವಲ್ವಾ, ಪಾಪ ಅಂತ. ಮುಟ್ಟಕ್ಕಾಗಲ್ಲ ನೋಡು, ಅದ್ಕೆ ಸೌಟಲ್ಲಿ ದೂರದಿಂದ ಸುರ್ದೆ. ಕಾಲಿಗೇ ಬಿತ್ತು, ಚೆನ್ನಾಗೇ ಬಿತ್ತು."

"ಮೊಟ್ಟೇಗೂ ಬಿತ್ತಲ್ರೀ!" ಲಕ್ಷ್ಮಕ್ಕನಿಗೆ ಅಳು ಬಂತು. "ಮೊಟ್ಟೆ ಉಸಿರಾಡ್ತದೆ ಅಮ್ಮಾರೆ. ಎಣ್ಣೆ ಮೆತ್ತಿದ್ರೆ ಒಳಗಿನ ಮರಿ ಉಸಿರು ಕಟ್ಟಿ ಸಾಯ್ತದೆ. ತನುಜಾಗೆ ಅಂತ ಇಟ್ಕಂಡಿದ್ದೆ ನಾನು. ಮಾಡ್ಬುಟ್ರಲ್ಲ! ಕೈಯಾಗೆ ಹಚ್ಚಿದ್ರೆ ಏನ್ ಸವೀತಿತ್ತು ನಿಮ್ ಕೈ?"

ಇಷ್ಟು ವರ್ಷಗಳಲ್ಲಿ ಅವಳು ಆ ಮನೆಯಲ್ಲಿ ದನಿಯೆತ್ತಿದ್ದು ಅದೇ ಮೊದಲು. ಬಾಯಿಂದ ಬಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಅವಳಿಗೆ ತೆಗೆದುಕೊಳ್ಳುವ ಮನಸ್ಸೂ ಇರಲಿಲ್ಲ. ನಿರ್ಮಲಮ್ಮನ ಮುಖ ಸಣ್ಣಗಾಯಿತು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ ಎಂದೇ ಲಕ್ಷ್ಮಕ್ಕ ಎಣಿಸಿದಳು.

ಹೋದದ್ದೇನೋ ನಿಜ, ಆದರೆ ಮೆತ್ತನೆಯ ಹಳೇ ಸೀರೆ ಹರಿದುಕೊಂಡು ವಾಪಸು ಬಂದಳು. "ಈಗೇನ್ ಮಾಡ್ಬೇಕು ಹೇಳು."

"ಕೋಳೀನ ಎತ್ತಬೇಕು. ನನ್ಗೆ ಒಂದೇ ಕೈ."

ನಿರ್ಮಲಮ್ಮ ಕಣ್ಣು ಮುಚ್ಚಿ, ಶಿವ ಶಿವಾ ಎಂದು ಮಂಕರಿಗೆ ಕೈ ಹಾಕಿದಳು. ಬೂದಿಗೆ ಶಿವನ ಹೆಸರು ಗೊತ್ತೇ? ಬೆರಳಿಗೆ ಸರಿಯಾಗಿ ಕುಕ್ಕಿತು. "ಅಮ್ಮಾ!" ಎಂದರೂ ಆಕೆ ಕೈ ಬಿಡಲಿಲ್ಲ. ಎತ್ತಿ ಎದೆಗವಚಿಕೊಂಡಳು. ಸ್ವಲ್ಪ ಹೊತ್ತಿಗೆ, "ಲಕ್ಷ್ಮಕ್ಕ, ಇದ್ರ ಎದೆ ಹೊಡ್ಕಂತೈತೆ. ಮೈ ಎಷ್ಟು ಬಿಸಿ ಕಣೆ! ಜ್ವರವಾ?" ಎಂದಳು.

"ಜ್ವರ ಅಲ್ಲ ಕಣಮ್ಮಾರೆ. ಅದೇ ಕಾವು."

ಲಕ್ಷ್ಮಕ್ಕ ಎಡಗೈಯಲ್ಲಿ ಒಂದೊಂದೇ ಮೊಟ್ಟೆಯನ್ನು ಒರೆಸಿದಳು, ರಾಗಿ ತೌಡು ಸವರಿ ಮತ್ತೆ ಒರೆಸಿದಳು. ಬೂದಿಯ ಹೊಟ್ಟೆಯನ್ನೂ ಕಾಲನ್ನೂ ಒಣಗಿಸಿ, ಹುಲ್ಲು ಬದಲಿಸಿ, ಮತ್ತೆ ಕೂರಿಸಿದರು. ಬದುಕುತ್ತವೋ ಇಲ್ಲವೋ ಹೇಳುವಂತಿರಲಿಲ್ಲ. "ಇನ್ನು ಹೋಗಿ ಸ್ನಾನ ಮಾಡಿ ಅಮ್ಮಾರೆ, ಪೂಜೆ ಹೊತ್ತಾಯ್ತು," ಎಂದಳು ಲಕ್ಷ್ಮಕ್ಕ. ಕೊಂಕೇನೂ ಇರಲಿಲ್ಲ, ಅಷ್ಟು ಹೊತ್ತಿಗೆ ಸಿಟ್ಟು ಇಳಿದಿತ್ತು. "ಹೋಯ್ತೀನಿ ಇರೇ, ಅದು ಸರಿಯಾಗಿ ಕೂತ್ಕಂತಾ ನೋಡಣ," ಎಂದು ನಿರ್ಮಲಮ್ಮ ಅಲ್ಲೇ ನಿಂತಿದ್ದಳು.

ಆಮೇಲಿನ ದಿನಗಳಲ್ಲಿ ಕೊಟ್ಟಿಗೆಯ ಕಡೆ ಹೋದಾಗಲೆಲ್ಲ ಇಬ್ಬರೂ ಕಿವಿಗೊಡುತ್ತಿದ್ದರು. ಮೊಟ್ಟೆಯೊಡೆಯುವ ಗಡುವು ಬಂತು, ದಾಟಿತು. ಲಕ್ಷ್ಮಕ್ಕ ಆಸೆ ಬಿಟ್ಟಳು. ತವರಿನ ಸಂತಾನ ತನ್ನ ಕೈಯಲ್ಲೇ ಮುಗಿಯಿತಲ್ಲ ಎಂದುಕೊಳ್ಳುತ್ತ ಎಡಗೈಯಲ್ಲೇ ಹುಣಸೆಹಣ್ಣಿನ ಬೀಜ ಬಿಡಿಸತೊಡಗಿದಳು. ಒಂದು ಬೆಳಿಗ್ಗೆ ಪೂಜೆಯ ಮಧ್ಯದಲ್ಲೇ ಎದ್ದು, ವಿಭೂತಿ ಹಚ್ಚಿದ ಕೈಯಲ್ಲೇ ನಿರ್ಮಲಮ್ಮ ಗೋಡೆಯ ಹತ್ತಿರ ಬಂದು ಕೂಗಿದಳು. "ಲಕ್ಷ್ಮಕ್ಕಾ! ಚಿಂವ್ ಅಂತೈತೆ ಕಣೇ, ಬಾ!"

ಹೆಚ್ಚಿನವು ಒಳಗೇ ಸತ್ತಿದ್ದವು. ನಾಲ್ಕು ಮಾತ್ರ ಒಡೆದು ಬಂದವು. ಅದರಲ್ಲಿ ಎರಡು ಬೂದಿ ಬಣ್ಣದವು. ಬೈರಣ್ಣ ಮಂಡಿಯಿಂದ ಬರುವವರೆಗೆ ಕಾಯುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಮರಿಗಳು ಒಣಗಿದ ಮೇಲೆ ಅವನ್ನು ಬುಟ್ಟಿಯಡಿ ಬೆಚ್ಚಗೆ ಇಟ್ಟು, ನಿರ್ಮಲಮ್ಮ ಬೂದಿಯನ್ನು ತೊಡೆಯ ಮೇಲೆ ಅವುಚಿ ಹಿಡಿದಳು. ಲಕ್ಷ್ಮಕ್ಕ ಬಿಸಿನೀರಲ್ಲಿ ಅದರ ಕಾಲು ನೆನೆಸಿ, ಬೈರಣ್ಣ ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿದಳು. ಹಿಟ್ಟಿನಂಥದು ಕರಗಿ ನೀರೆಲ್ಲ ಬೆಳ್ಳಗಾಯಿತು. ಎಣ್ಣೆಯನ್ನು ನಿರ್ಮಲಮ್ಮ ತಾನೇ ಬೆರಳಲ್ಲಿ ತೆಗೆದು ಸವರಿ, ಹೆಚ್ಚಾದುದನ್ನು ಒರೆಸಿ, ಆಮೇಲೆಯೇ ಮರಿಗಳ ಹತ್ತಿರ ಬಿಟ್ಟಳು. ವಾರ ವಾರವೂ ಇಬ್ಬರೂ ಹಾಗೇ ಕೂತರು. ತಿಂಗಳೆರಡು ಕಳೆಯುವ ಹೊತ್ತಿಗೆ ಬೂದಿಯ ಕಾಲು ನುಣ್ಣಗೆ ಹಳದಿಯಾಗಿ ಹೊಳೆಯಿತು. ಲಕ್ಷ್ಮಕ್ಕನ ಕೈಯ ಪಟ್ಟಿಯೂ ಬಿಚ್ಚಿತ್ತು.

ಮರಿಗಳು ತಾಯಿಯನ್ನು ಬಿಟ್ಟು ಮೇಯುವಂತಾದ ಮೇಲೆ ಲಕ್ಷ್ಮಕ್ಕ ಎರಡು ಬೂದಿ ಮರಿಗಳನ್ನು ಮುಚ್ಚಳದ ಬುಟ್ಟಿಯಲ್ಲಿಟ್ಟುಕೊಂಡು ಕಲ್ಯಾಣದುರ್ಗಕ್ಕೆ ಹೊರಟಳು. ಅವ್ವ ಕೊಟ್ಟದ್ದು ಅವ್ವನ ಅಂಗಳಕ್ಕೇ ಮರಳುತ್ತಿತ್ತು.

"ನಿಲ್ಲೇ," ಎಂದು ನಿರ್ಮಲಮ್ಮ ಒಳಗಿನಿಂದ ಸಣ್ಣ ಸೀಸೆಯೊಂದನ್ನು ತಂದಳು. ಹೊಂಗೆ ಎಣ್ಣೆ. ರೂಢಿಯಂತೆ ಲಕ್ಷ್ಮಕ್ಕ ಒಂದು ಹೆಜ್ಜೆ ಹಿಂದೆ ಸರಿದು, ಅದನ್ನು ಗೋಡೆಯ ಮೇಲೆ ಇಡಲಿ ಎಂದು ಕಾದಳು. ನಿರ್ಮಲಮ್ಮ ಗೋಡೆಯ ಮೇಲಿಂದ ಬಾಗಿ ಅವಳ ಕೈ ಹಿಡಿದೆಳೆದು, ಸೀಸೆಯನ್ನು ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು.

"ಸುರೀಬಾರ್ದು, ಕೈಯಲ್ಲೇ ಹಚ್ಬೇಕು ಅಂತ ಹೇಳು ಕಣೆ ತನುಜಾಗೆ," ಎಂದಳು.

"ಹೇಳ್ತೀನಮ್ಮಾರೆ, ಹೋಗಿ ಬತ್ತೀನಿ," ಎಂದು ಲಕ್ಷ್ಮಕ್ಕ ಬಸ್ಸಿನ ಕಡೆ ನಡೆದಳು. ಬಸ್ಸು ಹತ್ತಿ ಕೂತ ಮೇಲೂ ಸೀಸೆ ಅವಳ ಮುಷ್ಟಿಯಲ್ಲೇ ಇತ್ತು.