ಪಾಲಿಬೆಟ್ಟದ ರಾಕ್ಷಸನೂ ಮದುವೆ ವಾಲಗವೂ

ಇವತ್ತು ಚಿಕ್ಕಮ್ಮ ಕೇಳಿದ ಪ್ರಶ್ನೆಗೆ ಯಾರಿಗಾದರೂ ಉತ್ತರ ಗೊತ್ತಿದ್ದರೆ ಹೇಳಿ ಮಾರಾಯ್ರೆ. ಮನೆಯಲ್ಲಿ ದಾಳ ಉರುಳಿಸಿ ಕಥೆ ಕಟ್ಟುವ ಆಟ ನಡೆದಿತ್ತು. ಕಥೆ ನಡೆಸುವವನು ನನ್ನ ತಮ್ಮ. ಕಥೆಯೊಳಗೆ ಪಾಲಿಬೆಟ್ಟದ ರಾಕ್ಷಸ ನಮ್ಮನ್ನೆಲ್ಲ ಮೂಲೆಗೆ ತಳ್ಳಿದಾಗ ಅವನು ಮೊಬೈಲಿನಲ್ಲಿ ಭಯದ ಸಂಗೀತ ಹಾಕಿದ.

“ಇದು ನಮಗೆ ಮಾತ್ರ ಕೇಳೋದಾ, ರಾಕ್ಷಸನಿಗೂ ಕೇಳ್ತದಾ?” ಎಂದರು, ಮೊದಲ ಸಲ ಆಡುತ್ತಿದ್ದ ಚಿಕ್ಕಮ್ಮ.

ತಮ್ಮ ತಡವರಿಸಿದ. “ಕೇಳ್ತದೆ ಅಂತಲೇ ಇಟ್ಕೊಳ್ಳಿ.”

“ಹಾಗಾದ್ರೆ ಮದುವೆ ವಾಲಗ ಹಾಕು. ಪಾಲಿಬೆಟ್ಟ ಅಂದ್ರೆ ಕೊಡಗಿನವನಲ್ವಾ, ವಾಲಗ ಕೇಳಿದ್ಮೇಲೆ ಕುಣೀದೆ ನಿಲ್ತಾನಾ?”

ಜಗಳವೇ ಆಯಿತು. ಕೊನೆಗೆ ತಮ್ಮ ರಾಕ್ಷಸನ ಪರವಾಗಿ ದಾಳ ಉರುಳಿಸಿದ, ದೊಡ್ಡ ಸಂಖ್ಯೆ ಬಿದ್ದರೆ ಅವನು ಕುಣಿಯದೆ ತಡೆದುಕೊಂಡ ಹಾಗೆ. ಹಣೆಬರಹ, ಒಂದೇ ಬಿತ್ತು. ರಾಕ್ಷಸ ಕತ್ತಿ ಕೆಳಗಿಟ್ಟು ಕುಣಿದ, ನಾವು ಓಡಿ ಬದುಕಿಕೊಂಡೆವು.

ತಮ್ಮನಿಗೆ ಇನ್ನು ಹೊರಜಿಲ್ಲೆಯ ರಾಕ್ಷಸರೇ ಬೇಕಂತೆ.