ಸೊಳ್ಳೆಗೆ ಒನ್ಸ್ ಮೋರ್

ದಿನಾ ಸಂಜೆ ನಮ್ಮ ಮನೆಯಲ್ಲಿ ಸೊಳ್ಳೆಬತ್ತಿ ಹಚ್ಚುತ್ತಾರೆ. ಅದರ ಹೊಗೆಗೆ ನಾನು ಕೆಮ್ಮುತ್ತೇನೆ, ನನ್ನ ಹೆಂಡತಿ ಕೆಮ್ಮುತ್ತಾಳೆ, ಸೊಳ್ಳೆ ಮಾತ್ರ ಆರಾಮವಾಗಿ ನನ್ನ ಎಡಗಿವಿಯ ಹತ್ತಿರ ಬಂದು ಶ್ರುತಿ ಹಿಡಿಯುತ್ತದೆ. ನಿಮ್ಮ ಮನೆಯ ಸೊಳ್ಳೆಗಳು ಹೇಗೋ ಕಾಣೆ, ನಮ್ಮ ಮನೆಯವು ಕಚ್ಚುವ ಮುಂಚೆ ಆಲಾಪ ಮಾಡುತ್ತವೆ. ಇದನ್ನು ಅವಕ್ಕೆ ಕಲಿಸಿದವರು ಹಾರ್ಮೋನಿಯಂ ಪುಟ್ಟಸ್ವಾಮಿ ಮೇಷ್ಟ್ರೇ ಇರಬೇಕೆಂದು ನನ್ನ ಬಲವಾದ ಅನುಮಾನ.

ನಾನು ಹುಣಸೂರಿನ ಪಕ್ಕದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಬೆಳಗಿನ ಪ್ರಾರ್ಥನೆಯಲ್ಲಿ ಸ್ವಲ್ಪ ಗಟ್ಟಿಯಾಗಿ ದನಿ ಸೇರಿಸುತ್ತಿದ್ದುದು ನಾನು ಮಾಡಿದ ತಪ್ಪು. ಏಳೆಂಟು ವರ್ಷದ ಹಿಂದೆ ತಾಲ್ಲೂಕಿನ ಶಾಲೆಗಳಿಗೆ ಆರೋಗ್ಯದ ಮೇಲೆ ಸಂಗೀತ ನಾಟಕದ ಸ್ಪರ್ಧೆ ಇಟ್ಟಾಗ, 'ನೀವು ಹಾಡ್ತೀರಲ್ಲ' ಎಂದು ಹೆಡ್ ಮಾಸ್ಟರು ಅದನ್ನು ನನ್ನ ತಲೆಗೇ ಕಟ್ಟಿದರು. ಇಪ್ಪತ್ತು ನಿಮಿಷದ ನಾಟಕ. ಮೀರಿದರೆ ಗಂಟೆ ಹೊಡೆದು ಪರದೆ ಎಳೆಯುತ್ತಾರೆ. ಗೆದ್ದವರು ಜಿಲ್ಲಾ ಸ್ಪರ್ಧೆಗೆ ಮೈಸೂರಿಗೆ.

ಡೆಂಗಿ ಜ್ವರದ ಮೇಲೆ ನಾಟಕ ಬರೆದೆ. ಸೊಳ್ಳೆಯ ಪಾತ್ರಕ್ಕೆ ಹುಡುಗರು ಮುಗಿಬಿದ್ದರು. ರಕ್ತ ಹೀರುವುದು ಹೆಣ್ಣು ಸೊಳ್ಳೆ ಮಾತ್ರ, ವಿಜ್ಞಾನಕ್ಕೆ ಅಪಚಾರವಾಗಕೂಡದು ಎಂದು ನಾನು ಹಟ ಹಿಡಿದು ಒಂಬತ್ತನೇ ಕ್ಲಾಸಿನ ಸೌಮ್ಯಳನ್ನು ಆರಿಸಿದೆ. ಹಾಜರಿ ಕೂಗಿದಾಗ ಅವಳ 'ಎಸ್ ಸಾ' ಕೇಳಿಸದೆ ಎಷ್ಟೋ ದಿನ ಅವಳನ್ನು ಗೈರುಹಾಜರು ಮಾಡಿದ್ದೇನೆ. ಅಂಥವಳು ಹಾಡಲು ನಿಂತರೆ ಪಕ್ಕದ ಕ್ಲಾಸಿನ ಪಾಠ ನಿಲ್ಲುತ್ತಿತ್ತು.

ಒಪ್ಪಿಗೆ ಕೇಳಲು ಅವಳ ಮನೆಗೆ ಹೋದೆ. ತಾಯಿ ಜಯಮ್ಮ ಹೊಗೆಸೊಪ್ಪನ್ನು ಒಣಗಿಸಲು ಕಡ್ಡಿಗೆ ಕಟ್ಟುತ್ತಾ ಕೂತಿದ್ದವರು ತಲೆ ಎತ್ತಲಿಲ್ಲ.

"ನಾಟ್ಕದ ಸುದ್ದಿ ನಮ್ಮನೇಲಿ ಎತ್ಬ್ಯಾಡಿ ಸಾ. ಇವ್ರಪ್ಪ ಊರೂರ್ ಮೇಲೆ ರಾಜನ್ ಪಾಲ್ಟು ಮಾಡ್ಕಂಡು ತಿರುಗ್ದ. ಅವ್ನು ರಾಜ ಆದಷ್ಟು ದಿನ ನಾನು ಕೂಲಿಗೋದೆ."

ಸೌಮ್ಯ ಕಂಬದ ಹಿಂದೆ ನಿಂತು, ಸೊಪ್ಪಿನ ಅಂಟಿನಿಂದ ಕಪ್ಪಾದ ಕೈಗಳನ್ನು ಉಜ್ಜಿಕೊಳ್ಳುತ್ತಿದ್ದಳು. ನಾನು ಡೆಂಗಿಯ ಅಪಾಯವನ್ನೆಲ್ಲ ವಿವರಿಸಿದೆ. ಕೊನೆಗೆ ಜಯಮ್ಮ, "ನಾನೂ ಬತ್ತೀನಿ, ನೋಡ್ತೀನಿ. ನಂಗೆ ಸರಿಕಾಣ್ನಿಲ್ಲ ಅಂದ್ರೆ ಅವತ್ತಿಗೇ ಕೊನೆ. ಆಮೇಕೆ ಇವ್ಳು ಹಾಡು ಗೀಡು ಅನ್ನಂಗಿಲ್ಲ," ಎಂದರು. ಸೌಮ್ಯ ಆಗಲೆಂದು ತಲೆ ಆಡಿಸಿದಳು. ಒಪ್ಪಿಗೆ ಸಿಕ್ಕಿತಲ್ಲ ಎಂದು ನಾನು ಸೈಕಲ್ ಹತ್ತಿದೆ.

ಇನ್ನು ವಾದ್ಯದವರು. ಪುಟ್ಟಸ್ವಾಮಿ ಮೇಷ್ಟ್ರು ಕೆ.ಆರ್. ನಗರದ ಕಡೆಯಿಂದ ತೊಡೆಯ ಮೇಲೆ ಹಾರ್ಮೋನಿಯಂ ಇಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಊರೂರಿಗೆ ಹೋಗಿ ರೈತರಿಗೆ ಪೌರಾಣಿಕ ನಾಟಕ ಕಲಿಸಿದವರು. ಟ್ರಂಕು ಮಾಡುವವರ ಮಗ ಇಮ್ರಾನ್ ತಬಲಾ. ಅಪ್ಪನ ಅಂಗಡಿಯಿಂದ ಒಂದು ತಗಡನ್ನೂ ತಂದು ಗುಡುಗು ಮಾಡುತ್ತಿದ್ದ. ನಾಟಕದಲ್ಲಿ ಗುಡುಗು ಇರಲಿಲ್ಲ, ತಗಡು ಬಂದಮೇಲೆ ಸೇರಿಸಬೇಕಾಯಿತು. ಇಬ್ಬರು ಹುಡುಗಿಯರು ತಾಳ, ಒಬ್ಬ ಕೊಳಲು. ಕೊಳಲಿನವನು ಊದಿದಾಗ ಮೇಷ್ಟ್ರು, "ನೀನು ಹಿಡ್ಕಂಡ್ ಕೂತ್ಕ ಸಾಕು," ಎನ್ನುತ್ತಿದ್ದರು.

ನಾನು ಬರೆದಿದ್ದ ಹಾಡು ಎರಡೇ ಸಾಲು. ನಿಂತ ನೀರಲ್ಲಿ ಮೊಟ್ಟೆಯಿಡುವೆ, ಹಗಲು ಹೊತ್ತಲ್ಲೇ ಕಚ್ಚುವೆ. ಮಾಹಿತಿ ಅಷ್ಟೇ, ಅರ್ಧ ನಿಮಿಷದ ಕೆಲಸ. ಮೇಷ್ಟ್ರು ಅದನ್ನು ಕಿರೀಟ ಹೊತ್ತ ರಾಜರು ಹಾಡುವ ಧಾಟಿಯಲ್ಲಿ ಮೂರು ನಿಮಿಷಕ್ಕೆ ಎಳೆದರು.

"ಮೇಷ್ಟ್ರೇ, ಇದು ಸೊಳ್ಳೆ," ಎಂದೆ.

"ಸೊಳ್ಳೆಯಾದ್ರೇನು ಸಾ, ಕಚ್ಚೋಕ್ ಮುಂಚೆ ಒಂದ್ ಆಲಾಪ ಬ್ಯಾಡ್ವಾ?"

ಮೇಷ್ಟ್ರ ಪಾಠದಿಂದ ಮಕ್ಕಳಿಗೆಲ್ಲ ಹಾರ್ಮೋನಿಯಂ ಕಡೆಗೇ ತಿರುಗಿ ಮಾತಾಡುವ ಚಟ ಹತ್ತಿತು. ಡಾಕ್ಟರ ಪಾತ್ರದ ಹುಡುಗ ರೋಗಿಯ ಕೈ ಹಿಡಿದು ಹಾರ್ಮೋನಿಯಮ್ಮಿಗೆ ಜ್ವರ ಎಷ್ಟು ದಿನದಿಂದ ಎಂದು ಕೇಳುತ್ತಿದ್ದ. ನಾನು ಗಂಟಲು ಹರಿಯುವಂತೆ ಕೂಗಿಕೊಂಡೆ. ಕೈಗಡಿಯಾರ ಹಿಡಿದು ಅಲ್ಲಿ ಕತ್ತರಿಸಿ ಇಲ್ಲಿ ಕತ್ತರಿಸಿ ನಾಟಕವನ್ನು ಹತ್ತೊಂಬತ್ತೂವರೆ ನಿಮಿಷಕ್ಕೆ ತಂದಾಗ ನನಗೇ ಜ್ವರ ಬಂದಿತ್ತು. ಡೆಂಗಿಯಲ್ಲ, ಪರೀಕ್ಷೆ ಮಾಡಿಸಿದೆ.

ಸ್ಪರ್ಧೆಯ ದಿನ ಹುಣಸೂರಿನ ಸಭಾಂಗಣಕ್ಕೆ ಸೌಮ್ಯಳ ಊರಿನವರು ಸೊಪ್ಪು ಸಾಗಿಸುವ ಗಾಡಿಯಲ್ಲಿ ತುಂಬಿಕೊಂಡು ಬಂದರು. ಕಪ್ಪು ಬಟ್ಟೆಗೆ ಪ್ಲಾಸ್ಟಿಕ್ ರೆಕ್ಕೆ ಕಟ್ಟಿಕೊಂಡ ಸೌಮ್ಯ ರಂಗಕ್ಕೆ ಬಂದಳು. ನಾನು ಪರದೆಯ ಮರೆಯಲ್ಲಿ ಗಡಿಯಾರಕ್ಕೆ ಕಣ್ಣು ನೆಟ್ಟು ನಿಂತಿದ್ದೆ. ಮೂರು ನಿಮಿಷ ಹತ್ತು ಸೆಕೆಂಡಿಗೆ ಹಾಡು ಮುಗಿಯಿತು. ಬಚಾವಾದೆ ಅಂದುಕೊಂಡೆ.

ಆಗ ಹಿಂದಿನ ಸಾಲಿನಿಂದ ಒಂದು ದನಿ, "ಒನ್ಸ್ ಮೋರ್." ಅದರ ಹಿಂದೆ ಊರಿಗೆ ಊರೇ.

ನಮ್ಮ ಕಡೆಯ ನಾಟಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜನ ಒನ್ಸ್ ಮೋರ್ ಅಂದರೆ ಸಾಯುತ್ತಾ ಬಿದ್ದಿರುವ ರಾಜನೂ ಎದ್ದು ಮತ್ತೆ ಹಾಡುತ್ತಾನೆ, ಹಾಡಿ ಮತ್ತೆ ಸಾಯುತ್ತಾನೆ. ಸೌಮ್ಯ ನನ್ನತ್ತ ನೋಡಿದಳು. ಬೇಡ ಬೇಡ ಎಂದು ತಲೆ ಅಲ್ಲಾಡಿಸಿದೆ. ಆದರೆ ಮೇಷ್ಟ್ರ ಬೆರಳು ಆಗಲೇ ಹಾರ್ಮೋನಿಯಂ ಮೇಲೆ ಓಡುತ್ತಿತ್ತು. ಅವಳು ಮತ್ತೆ ಎತ್ತಿಕೊಂಡಳು. ಈ ಸಲ ನಾಲ್ಕು ನಿಮಿಷ ಐದು ಸೆಕೆಂಡು.

ಕೊನೆಯ ದೃಶ್ಯಕ್ಕೆ ಮೊದಲೇ ಗಂಟೆ ಹೊಡೆಯಿತು. ಔಷಧಿ ಪಂಪು ಬೆನ್ನಿಗೇರಿಸಿಕೊಂಡು ಸೊಳ್ಳೆಯನ್ನು ಕೊಲ್ಲಲು ಕಾದಿದ್ದ ಆರು ಹುಡುಗರು ಒಳಗೇ ಉಳಿದರು. ಸೊಳ್ಳೆ ರೆಕ್ಕೆ ಬಿಚ್ಚಿ ಗೆದ್ದು ನಿಂತಿದ್ದಾಗ ಪರದೆ ಬಿತ್ತು. ಈ ನಾಟಕದಿಂದ ಜನರಿಗೆ ಸೊಳ್ಳೆಯ ಮೇಲೆ ಪ್ರೀತಿ ಹುಟ್ಟುವಂತಿದೆ ಎಂದು ತೀರ್ಪುಗಾರರೊಬ್ಬರು ಮೈಕಿನಲ್ಲೇ ಹೇಳಿದರು. ಮೈಸೂರಿಗೆ ಬೇರೆ ಶಾಲೆ ಹೋಯಿತು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೇಷ್ಟ್ರು, "ಒನ್ಸ್ ಮೋರ್ ಅಂದ್ರೆ ನನ್ ಕೈ ನನ್ ಮಾತು ಕೇಳಕಿಲ್ಲ ಸಾ," ಎಂದು ಹಾರ್ಮೋನಿಯಂ ಮುಚ್ಚಿದರು. ನಾನು ಸೌಮ್ಯಳ ಮೇಲೆ ತಿರುಗಿಬಿದ್ದೆ.

"ನಾನು ತಲೆ ಅಲ್ಲಾಡಿಸಿದ್ದು ಕಾಣಲಿಲ್ವಾ?"

"ಕಾಣ್ತು ಸಾ."

"ಮತ್ತೆ?"

ಅವಳು ರೆಕ್ಕೆಯ ದಾರ ಬಿಚ್ಚುತ್ತಾ, ಹಾಜರಿ ಹೇಳುವ ದನಿಯಲ್ಲಿ, "ಮೊದ್ಲು ಕೂಗುದ್ದು ನಮ್ಮವ್ವ ಕಣ್ ಸಾ," ಎಂದಳು.

ಅಲ್ಲಿಗಾದರೂ ನಾನು ಸುಮ್ಮನಾಗಬೇಕಿತ್ತು. ಆಗಲಿಲ್ಲ. "ಯಾರಾದರೇನು, ಮೈಸೂರು ಹೋಯ್ತಲ್ಲ," ಎಂದುಬಿಟ್ಟೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೊನ್ನೆ ಮೈಸೂರಿನ ಬಸ್ಸಿನಲ್ಲಿ ಪಕ್ಕದ ಸೀಟಿನವರು, "ನೀವು ಸೊಳ್ಳೆ ನಾಟ್ಕದ ಸಾ ಅಲ್ವಾ?" ಎಂದರು. ಇಷ್ಟು ವರ್ಷ ಪಾಠ ಹೇಳಿದ್ದಕ್ಕೆ ನನಗುಳಿದ ಹೆಸರು ಇದು. ನೋಡಿದರೆ ಜಯಮ್ಮ. ಸೌಮ್ಯ ಮೈಸೂರಿನ ಕಾಲೇಜಿನಲ್ಲಿ ಸಂಗೀತವನ್ನೇ ಓದುತ್ತಿದ್ದಾಳಂತೆ, ಮಾರನೆಯ ದಿನ ಅವಳ ಹಾಡು ಇತ್ತಂತೆ, ಇವರು ಕೇಳಲು ಹೊರಟಿದ್ದರು. ನನ್ನ ಕಡೆ ಬಾಗಿ ಕೇಳಿದರು.

"ಅವತ್ತು ಎರಡ್ನೇ ಸಲ ಇನ್ನೂ ಚೆಂದಾಗಿ ಹಾಡುದ್ಲು, ಅಲ್ವಾ ಸಾ?"

"ಹೌದಮ್ಮ," ಎಂದು ನಾನು ಕಿಟಕಿಯ ಕಡೆ ತಿರುಗಿದೆ. ಮೂರು ನಿಮಿಷ ಹತ್ತು ಸೆಕೆಂಡು, ನಾಲ್ಕು ನಿಮಿಷ ಐದು ಸೆಕೆಂಡು. ನನಗೆ ನೆನಪಿರುವುದು ಅಷ್ಟೇ. ಎರಡು ಸಲ ಹಾಡಿದಳು, ಒಂದು ಸಲವೂ ನಾನು ಕೇಳಲಿಲ್ಲ.

ಇವತ್ತೂ ಬತ್ತಿ ಹಚ್ಚಿದ್ದಾರೆ, ಇವತ್ತೂ ಕೆಮ್ಮಿದ್ದೇವೆ. ಸೊಳ್ಳೆ ಬಂದು ಕಿವಿಯ ಹತ್ತಿರ ಶುರುಮಾಡಿತು. ನಾನು ಕೈ ಎತ್ತಿದವನು ಹಾಗೇ ನಿಲ್ಲಿಸಿದೆ.

"ಹೊಡೀರಿ ಅತ್ಲಾಗೆ," ಎಂದಳು ಹೆಂಡತಿ.

"ಇರು, ಮುಗೀಲಿ," ಎಂದೆ.

ಪೂರ್ತಿ ಕೇಳಿದೆ. ಆಮೇಲೆ ಅದು ಕಚ್ಚಿತು.