ಕನ್ನಡಕದೊಳಗಿನ ಕಂಬ

ನನ್ನ ಜೊತೆಗಾರ ತೀರಿಕೊಂಡು ಐದು ತಿಂಗಳಾದ ಮೇಲೆ ಮದ್ದೂರಿನ ನಮ್ಮ ಆಫೀಸಿಗೆ ವಿಆರ್ ಕನ್ನಡಕ ಬಂತು. ಅದನ್ನು ಕಣ್ಣಿಗೆ ಕಟ್ಟಿಕೊಂಡರೆ ಇದ್ದಲ್ಲೇ ಕರೆಂಟು ಕಂಬ ಹತ್ತಿದಂತೆ ಕಾಣುತ್ತದೆ.

ಅವನೂ ನಾನೂ ಲೈನ್‌ಮನ್‌ಗಳು. ಹದಿನೇಳು ವರ್ಷ ಅವನು ಕಂಬದ ಮೇಲೆ, ನಾನು ಕೆಳಗೆ. ಕೆಳಗಿರುವವನು ಸುಮ್ಮನೆ ನಿಂತಿದ್ದಾನೆ ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಲೈನ್ ಬಂದ್ ಮಾಡಿಸಿದ ಮೇಲೂ ಯಾರಾದರೂ ಜನರೇಟರ್ ಹಾಕಿದರೆ ಕರೆಂಟು ಹಿಂದಕ್ಕೆ ತಂತಿಗೆ ಹರಿಯಬಹುದು. ಆ ಸದ್ದಿಗೆ ಕಿವಿಗೊಟ್ಟು ನಿಲ್ಲುವುದು, ಕೇಳಿಸಿದರೆ ಓಡಿಹೋಗಿ ನಿಲ್ಲಿಸುವುದು ನನ್ನ ಕೆಲಸ. ತಂತಿ ಮುಟ್ಟುವ ಮೊದಲು ಅವನು ಮೇಲಿಂದ "ಏನ್ಲಾ?" ಅನ್ನುತ್ತಿದ್ದ. "ಊಂ, ಮುಟ್ಟು" ಎಂದು ನಾನು ಹೇಳಬೇಕು. ನಾನು ತಂಗಿಯ ಮಗಳ ನಾಮಕರಣಕ್ಕೆಂದು ಮಳವಳ್ಳಿಗೆ ಹೋದ ದಿನ ಅವನೊಬ್ಬನೇ ಹತ್ತಿದ. ಪಕ್ಕದ ಛತ್ರದವರು ಜನರೇಟರ್ ಹಾಕಿದರು.

ಅವನ ಜಾಗಕ್ಕೆ ಇನ್ನೊಬ್ಬರನ್ನು ಕೊಡಿ ಎಂದು ಅರ್ಜಿಯ ಮೇಲೆ ಅರ್ಜಿ ಬರೆದೆ. ಬಂದದ್ದು ಕನ್ನಡಕ. ಸಾಹೇಬರು ಅದಕ್ಕೆ ಹೂವು ಮುಡಿಸಿ, ಕುಂಕುಮ ಹಚ್ಚಿ ಪೂಜೆ ಮಾಡಿಸಿದರು. ಗಾಜಿಗೆ ಮೆತ್ತಿದ ಕುಂಕುಮ ಒರೆಸಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಹೇಳಿದರು: "ಇದ್ರಲ್ಲಿ ಪಾಸಾದೋರು ಒಬ್ರೇ ಓಗಿ ಕೆಲ್ಸ ಮಾಡ್ಬೋದು ಕಣ್ರಪ್ಪ. ಫೇಲಾದೋರ್ಗೆ ಮಾತ್ರ ಜೊತೆಗೊಬ್ರು."

ಕಟ್ಟಿಕೊಂಡೆ. ಒಳಗೆ ಹಸಿರು ಹುಲ್ಲು, ನೀಲಿ ಆಕಾಶ, ನೆಟ್ಟಗೆ ನಿಂತ ಕಂಬ. ಅಷ್ಟು ನೆಟ್ಟಗಿನ ಕಂಬ ನಮ್ಮ ತಾಲ್ಲೂಕಿನಲ್ಲಿ ನಾನು ಕಂಡಿಲ್ಲ. ಹಬ್ಬಿದ ಬಳ್ಳಿಯಿಲ್ಲ, ಕೇಬಲ್ ಟಿವಿಯ ತಂತಿಯಿಲ್ಲ, ಹುಟ್ಟುಹಬ್ಬದ ಫ್ಲೆಕ್ಸ್ ಇಲ್ಲ. ಒಂದು ಮನೆಯೂ ಇಲ್ಲ. ಅಂಥ ಊರಿಗೆ ಕರೆಂಟು ಯಾಕೆ ಎಳೆದರೋ.

ಹತ್ತಿದೆ. ತಂತಿಯ ಹತ್ತಿರ ಕೈ ಹೋಗುವಾಗ ಬಾಯಿ ತಾನಾಗಿ "ಏನ್ಲಾ?" ಎಂದಿತು. ಉತ್ತರ ಬರಲಿಲ್ಲ. ಕಾದೆ.

"ಕುರ್ಚಿ ಪಕ್ದಲ್ ನಿಂತ್ಕಂಡು ಯಾರ್ನ ಕರೀತಿದ್ದೀಯಲಾ?" ಎಂದು ಸಾಲಿನಲ್ಲಿದ್ದ ಇನ್ನೊಬ್ಬ ಲೈನ್‌ಮನ್ ಕೂಗಿದ. "ಬಿರ್‍ನೆ ಇಳಿ, ವಡೆ ಆರೋಯ್ತದೆ!"

ಬೆಂಗಳೂರಿನಿಂದ ಬಂದಿದ್ದ ತರಬೇತಿಯ ಹೆಣ್ಣುಮಗಳು, "ಸರ್, ಕೆಳಗಡೆ ಯಾರೂ ಇರಲ್ಲ" ಎಂದಳು.

"ಮತ್ತೆ ಜನರೇಟರ್ ಸದ್ದು ಕೇಳೋರ್‍ಯಾರಮ್ಮ?"

"ಅದು ಸಿಲಬಸ್‌ನಲ್ಲಿ ಇಲ್ಲ ಸರ್."

ಪರೀಕ್ಷೆಯ ಹೊತ್ತು ಮೀರಿತು. ಇನ್ನೊಂದು ಅವಕಾಶವಿತ್ತು. ಅಷ್ಟರಲ್ಲಿ ನಮ್ಮ ಗುಮಾಸ್ತರು, ಮನೆಯಲ್ಲಿ ಬಲ್ಬು ಬದಲಿಸಲೂ ನನ್ನನ್ನೇ ಕರೆಯುವವರು, ಒಂದೇ ಸಲಕ್ಕೆ ಪಾಸಾಗಿ ಚಪ್ಪಾಳೆ ಗಿಟ್ಟಿಸಿದರು. "ಅಸ್ರು ಗುಂಡಿ ಒತ್ತದು, ವೈರ್ ಇಡ್ಕೊಳ್ಳದು. ಅಷ್ಟೇ ಕಣಯ್ಯ," ಎಂದು ನನಗೆ ಹೇಳಿಕೊಟ್ಟರು.

ಎರಡನೇ ಸಲ ಲೈನ್ ಬಂದ್ ಮಾಡುವ ಹಸಿರು ಗುಂಡಿ ಎದುರಿಗೇ ಹೊಳೆಯುತ್ತಿತ್ತು. "ಒತ್ತಯ್ಯ, ಒತ್ತು" ಎಂದು ಹಿಂದಿನಿಂದ ಸಾಹೇಬರ ದನಿ. ಒತ್ತಿದರೆ ನಾಳೆಯಿಂದ ಎಲ್ಲ ಕಂಬಕ್ಕೂ ನಾನೊಬ್ಬನೇ. ಕೆಳಗೆ ನಾನು ನಿಲ್ಲುತ್ತಿದ್ದ ಜಾಗದಲ್ಲಿ ಇನ್ನು ಯಾರೂ ಇರುವುದಿಲ್ಲ. ಗುಂಡಿ ಬಿಟ್ಟು ತಂತಿಯನ್ನೇ ಹಿಡಿದೆ.

ಎಲ್ಲ ಕೆಂಪಾಯಿತು. "ನೀವು ಮೃತಪಟ್ಟಿದ್ದೀರಿ. ಮತ್ತೆ ಪ್ರಯತ್ನಿಸಿ," ಎಂದು ಇಂಪಾದ ದನಿ ಹೇಳಿತು. ಕನ್ನಡಕ ಬಿಚ್ಚಿ ಮೇಜಿನ ಮೇಲಿಟ್ಟೆ.

"ಇಷ್ಟ್ ವರ್ಸ ಸರ್ವೀಸಾಗಿ ಫೇಲಾ? ನಾಚ್ಕೆ ಆಗಲ್ವೇನಯ್ಯ?" ಎಂದರು ಸಾಹೇಬರು.

"ಆಯ್ತದೆ ಸಾ. ಜೊತೆಗೊಬ್ರನ್ನ ಕೊಡಿ."

ಹದಿನೈದು ದಿನದಲ್ಲಿ ಮಂಡ್ಯದಿಂದ ಒಬ್ಬನನ್ನು ಹಾಕಿಕೊಟ್ಟರು. ಅವನೂ ಫೇಲಾದವನೇ.